ಯಾರ ಮೈಮೇಲೆ ಎಷ್ಟು ಬಿತ್ತು? ಏಜೆಂಟ್ ಆರೆಂಜ್ ಲೆಕ್ಕದ ಹಿನ್ನೆಲೆ

ಯುದ್ಧಕಾಲದಲ್ಲಿ ವಿಯೆಟ್ನಾಂ ನೆಲಕ್ಕೆ ಕಾಲಿಟ್ಟ ಅಮೆರಿಕದ ಸೈನಿಕ ಇಂದು ಪರಿಹಾರ ಕೇಳಲು ಹೋದರೆ, ತನ್ನ ಮೇಲೆ ಸಸ್ಯನಾಶಕ ಬಿದ್ದಿತ್ತು ಎಂದು ರುಜುವಾತು ಮಾಡಬೇಕಿಲ್ಲ. ಬಿದ್ದಿತ್ತು ಎಂದೇ ಕಾನೂನು ಭಾವಿಸುತ್ತದೆ. 2022ರ ಪ್ಯಾಕ್ಟ್ ಕಾಯ್ದೆಯು ಪರಿಹಾರದ ಕಾಯಿಲೆಗಳ ಪಟ್ಟಿಗೆ ಅಧಿಕ ರಕ್ತದೊತ್ತಡವನ್ನೂ ಸೇರಿಸಿತು. ವಿಜ್ಞಾನವೇ ಈ ತೀರ್ಪು ಕೊಟ್ಟಿರಬೇಕೆಂದು ಅನೇಕರು ತಿಳಿದಿದ್ದಾರೆ. ನಡೆದ ಸಂಗತಿ ಹೆಚ್ಚು ಕಡಿಮೆ ಇದಕ್ಕೆ ವಿರುದ್ಧ. ಅಳತೆಯ ಬಗ್ಗೆ ಒಮ್ಮತ ಮೂಡದೇ ಹೋದದ್ದರಿಂದಲೇ ಕಾನೂನು ಈ ಅಡ್ಡದಾರಿ ಹಿಡಿಯಿತು.

1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಂನ ಕಾಡು, ಗದ್ದೆಗಳ ಮೇಲೆ ಏಳು ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿದವು. ಪೀಪಾಯಿಗೆ ಬಳಿದ ಕಿತ್ತಳೆ ಪಟ್ಟಿಯಿಂದ ಹೆಸರು ಪಡೆದ ಏಜೆಂಟ್ ಆರೆಂಜ್ ಇದರಲ್ಲಿ ದೊಡ್ಡ ಪಾಲು. ಅದರ ಅರ್ಧಭಾಗ 2,4-ಡಿ, ಇಂದಿಗೂ ನಮ್ಮ ಕಬ್ಬಿನ ಗದ್ದೆಗಳಿಗೆ ಹೊಡೆಯುವ ಕಳೆನಾಶಕವೇ. ಉಳಿದರ್ಧವಾದ 2,4,5-ಟಿ ತಯಾರಾಗುವಾಗ ಅದರೊಳಗೆ ಟಿಸಿಡಿಡಿ ಎಂಬ ಡಯಾಕ್ಸಿನ್ (ಅತಿ ವಿಷಕಾರಿ ರಾಸಾಯನಿಕ) ಸೇರಿಕೊಳ್ಳುತ್ತಿತ್ತು. ಮುಂದಿನ ಜಗಳವೆಲ್ಲ ಮುಖ್ಯವಾಗಿ ಈ ಕಲ್ಮಶದ್ದು.

ಮಾಜಿ ಸೈನಿಕರ ಒತ್ತಾಯಕ್ಕೆ ಮಣಿದು 1979ರಲ್ಲಿ ಅಮೆರಿಕದ ಸಂಸತ್ತು ಅಧ್ಯಯನಕ್ಕೆ ಆದೇಶಿಸಿತು. ಕೆಲಸ ಕೊನೆಗೆ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಪಾಲಿಗೆ ಬಂತು. ಯೋಚನೆ ಸರಳವಾಗಿತ್ತು. ಯಾವ ವಿಮಾನ ಯಾವ ದಿನ ಎಲ್ಲಿ ಸಿಂಪಡಿಸಿತು ಎಂಬುದು 'ಹರ್ಬ್ಸ್' ಎಂಬ ಕಂಪ್ಯೂಟರ್ ಟೇಪಿನಲ್ಲಿದೆ. ಯಾವ ಬೆಟಾಲಿಯನ್ ಆ ದಿನ ಎಲ್ಲಿತ್ತು ಎಂಬುದು ಸೇನೆಯ ಕಡತಗಳಲ್ಲಿದೆ. ಎರಡನ್ನೂ ತಾಳೆ ಹಾಕಿದರಾಯಿತು. ತೊಡಕುಗಳೂ ಇದ್ದವು. ಬೆಟಾಲಿಯನ್ ಎಂದರೆ ಒಂದೇ ಜಾಗದಲ್ಲಿ ಕೂತ ಜನವಲ್ಲ, ಅದರ ಕಂಪನಿಗಳು ಮೈಲಿಗಟ್ಟಲೆ ಚದುರಿರುತ್ತಿದ್ದವು. ಶಿಬಿರಗಳ ಬೇಲಿಯ ಸುತ್ತ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದ ಸಸ್ಯನಾಶಕ ಬಹುಮಟ್ಟಿಗೆ ದಾಖಲೆಗೇ ಬಂದಿರಲಿಲ್ಲ.

ಆಗ ರಕ್ತಪರೀಕ್ಷೆ ಬಂತು. ಸೈಗಾನ್ ಸುತ್ತಲಿನ ವಲಯದಲ್ಲಿ 1967–68ರಲ್ಲಿ ಸೇವೆ ಸಲ್ಲಿಸಿದ್ದ 646 ಮಂದಿಯ ರಕ್ತವನ್ನು, ವಿಯೆಟ್ನಾಂಗೆ ಹೋಗದ 97 ಮಂದಿಯ ರಕ್ತದ ಜೊತೆ ಸಿಡಿಸಿ 1987ರಲ್ಲಿ ಹೋಲಿಸಿತು. ಎರಡೂ ಗುಂಪುಗಳಲ್ಲಿ ಡಯಾಕ್ಸಿನ್‌ನ ಮಧ್ಯಮ ಮಟ್ಟ ಲಕ್ಷ ಕೋಟಿಗೆ ಸುಮಾರು ನಾಲ್ಕು ಭಾಗ. ಯಾರ ಮೇಲೆ ಎಷ್ಟು ಬಿದ್ದಿರಬಹುದೆಂದು ಕಡತಗಳಿಂದ ಹಾಕಿದ ಅಂದಾಜಿಗೂ ರಕ್ತದ ಅಂಕಿಗೂ ಸಂಬಂಧವೇ ಕಾಣಲಿಲ್ಲ. ದಾಖಲೆಗಳಿಂದ ಅಳೆಯಲಾಗದು ಎಂದು ಅಧ್ಯಯನ ನಿಂತುಹೋಯಿತು.

ಈ ತೀರ್ಮಾನ ಅವಸರದ್ದು ಎಂದು ಆಗಲೇ ಹೇಳಿದವರಿದ್ದರು. ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಡಯಾಕ್ಸಿನ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಏಳು ವರ್ಷದ ಆಸುಪಾಸು ಎಂದು ಸಿಡಿಸಿಯೇ ನಂಬಿತ್ತು. ಹಾಗಾದರೆ 1968ರಲ್ಲಿ ಮೈಸೇರಿದ್ದರಲ್ಲಿ 1987ಕ್ಕೆ ಉಳಿಯುವುದು ಸರಿಸುಮಾರು ಆರರಲ್ಲಿ ಒಂದು ಪಾಲು. ಸಣ್ಣ ಪ್ರಮಾಣದಲ್ಲಿ ಒಳಹೋಗಿದ್ದರೆ ಅಷ್ಟರಲ್ಲಿ ಅದು ಎಲ್ಲರ ಮೈಯಲ್ಲೂ ಇರುವ ಮಟ್ಟದೊಳಗೆ ಕರಗಿಹೋಗಿರುತ್ತದೆ. ಹೋದ ವಾರದ ಮಳೆಯನ್ನು ಇಂದು ಅಂಗಳದ ತೇವ ನೋಡಿ ಅಳೆದಂತಾಯಿತು. ಸಿಂಪಡಣೆ ವಿಮಾನಗಳಲ್ಲೇ ದುಡಿದ ವಾಯುಪಡೆಯವರಲ್ಲಿ ಮಟ್ಟ ಎದ್ದುಕಾಣುವಷ್ಟು ಹೆಚ್ಚಿತ್ತು, ನಿಜ. ಆದರೆ ಅವರು ಪೀಪಾಯಿಗಳ ನಡುವೆಯೇ ಇದ್ದವರು.

ಇನ್ನೊಂದು ಗಂಟು ಕದನದ್ದು. ಕಾಳಗ ನಡೆದದ್ದು ಕಾಡಿನಲ್ಲಿ, ಸಿಂಪಡಿಸಿದ್ದೂ ಕಾಡಿಗೇ. ನಿದ್ರೆ ಕೆಟ್ಟವನಿಗೆ ಕಾರಣ ಗುಂಡೋ ರಾಸಾಯನಿಕವೋ? ಸಂಶೋಧಕರಾದ ಜೀನ್ ಮತ್ತು ಸ್ಟೀವನ್ ಸ್ಟೆಲ್‌ಮನ್ ದಂಪತಿ, ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಸದಸ್ಯರ ನಡುವೆ ಸಮೀಕ್ಷೆ ನಡೆಸಿ, 1988ರಲ್ಲಿ ಎರಡಕ್ಕೂ ಬೇರೆ ಬೇರೆ ಅಳತೆಗೋಲು ಮುಂದಿಟ್ಟರು. ಕದನದ ಅಳತೆ ನೆನಪನ್ನೇ ನೆಚ್ಚಿತ್ತು: ಗಸ್ತು ಹೋದಿರಾ, ಗುಂಡಿನ ದಾಳಿಗೆ ಸಿಕ್ಕಿದಿರಾ, ಜೊತೆಯವರು ಸತ್ತದ್ದನ್ನು ಕಂಡಿರಾ ಎಂಬ ಬಗೆಯ ಪ್ರಶ್ನೆಗಳು. ಮನಸ್ಸು ನೊಂದವರು ಹೆಚ್ಚು ಕದನ ನೆನೆಯುತ್ತಾರೆ ಎಂಬ ಆಕ್ಷೇಪ ಬಹುಕಾಲ ಉಳಿಯಿತು. 2006ರಲ್ಲಿ ಸಂಶೋಧಕ ಡೊರೆನ್‌ವೆಂಡ್ ಅವರ ತಂಡ ನೆನಪನ್ನು ಬದಿಗಿಟ್ಟು ಸೇನಾ ದಾಖಲೆಗಳಿಂದಲೇ ಅಳೆಯಿತು. ವಿಯೆಟ್ನಾಂ ಮಾಜಿ ಸೈನಿಕರಲ್ಲಿ ಹಿಂದಿನ ಅಂದಾಜಿನಂತೆ ಶೇ. 30ರಷ್ಟಿದ್ದ ಆಘಾತೋತ್ತರ ಒತ್ತಡದ ಪ್ರಮಾಣ ಶೇ. 18.7ಕ್ಕೆ ಇಳಿಯಿತು, ಆದರೂ ಕದನ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು ಎಂಬ ನಂಟು ಗಟ್ಟಿಯಾಗಿಯೇ ಉಳಿಯಿತು. ಕಡತಗಳು ನಿಷ್ಪ್ರಯೋಜಕವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಅಷ್ಟರಲ್ಲಿ, ವಿಯೆಟ್ನಾಂಗೆ ಹೋದ ಸೈನಿಕರ ಮೇಲೆ ಸಸ್ಯನಾಶಕ ಬಿದ್ದಿತ್ತು ಎಂದೇ ಭಾವಿಸುವ 1991ರ ಏಜೆಂಟ್ ಆರೆಂಜ್ ಕಾಯ್ದೆ ಬಂದಾಗಿತ್ತು. ಪರಿಹಾರದ ಮಟ್ಟಿಗೆ ಅಳತೆಯ ಗೋಜು ತೀರಿತು. ವಿಜ್ಞಾನದ ಮಟ್ಟಿಗೆ ತೀರಲಿಲ್ಲ. ಸ್ಟೆಲ್‌ಮನ್ ದಂಪತಿ ಹಾರಾಟದ ದಾಖಲೆಗಳನ್ನು ತಿದ್ದಿ, ದೇಶವನ್ನು ಸುಮಾರು ಒಂದು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಸಂಪರ್ಕ ಸಾಧ್ಯತೆಯ ಅಂಕ ಕೊಡುವ ನಕ್ಷೆ ಕಟ್ಟಿದರು. 2008ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಮಿತಿ ಇದನ್ನು ಬಳಸಬೇಕೆಂದು ಶಿಫಾರಸು ಮಾಡಿತು. ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಮಾತ್ರ ದಕ್ಷಿಣ ಕೊರಿಯಾ. ವಿಯೆಟ್ನಾಂನಲ್ಲಿ ಹೋರಾಡಿದ್ದ ತನ್ನ ಸುಮಾರು 1,80,000 ಮಾಜಿ ಸೈನಿಕರನ್ನು ಅದು ಈ ನಕ್ಷೆಯ ಮೇಲಿಟ್ಟು ನೋಡಿತು. ಹೆಚ್ಚು ಅಂಕದವರಲ್ಲಿ ಕೆಲವು ಕ್ಯಾನ್ಸರ್‌ಗಳು ಸ್ವಲ್ಪ ಹೆಚ್ಚಾಗಿ ಕಂಡವು.

ಅದೇ ನಕ್ಷೆ 2003ರಲ್ಲಿ ಇನ್ನೊಂದು ಲೆಕ್ಕವನ್ನೂ ಕೊಟ್ಟಿತ್ತು. ನೇರವಾಗಿ ಸಿಂಪಡಣೆಗೆ ಸಿಕ್ಕ ಹಳ್ಳಿಗಳು 3,181. ಅಲ್ಲಿದ್ದ ಜನ ಕನಿಷ್ಠ 21 ಲಕ್ಷ, ಗರಿಷ್ಠ 48 ಲಕ್ಷ. ಹಳ್ಳಿಯೇನೂ ಬೆಟಾಲಿಯನ್‌ನಂತೆ ದಿನಕ್ಕೊಂದು ಕಡೆ ಸರಿಯುವುದಿಲ್ಲವಾದ್ದರಿಂದ ಈ ಅಳತೆ ಸೈನಿಕರದ್ದಕ್ಕಿಂತ ಸುಲಭದ್ದು. ವಿಯೆಟ್ನಾಂನ ಸಂತ್ರಸ್ತರು 2004ರಲ್ಲಿ ತಯಾರಕ ಕಂಪನಿಗಳ ವಿರುದ್ಧ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ದಾವೆ ಮರುವರ್ಷವೇ ವಜಾ ಆಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಆಲಿಸಲು ನಿರಾಕರಿಸಿತು. 1991ರ ಕಾಯ್ದೆಯ 'ಬಿದ್ದಿತ್ತು ಎಂದು ಭಾವಿಸುವ' ಅನುಕೂಲ ಈ ಹಳ್ಳಿಗಳವರಿಗೆ ಅನ್ವಯಿಸುವುದಿಲ್ಲ.