ಓದುಗರ ಪ್ರಶ್ನೆ: ವಿಕ್ಕಾ ಬಗ್ಗೆ ಮೊದಲು ಯಾವ ಪುಸ್ತಕ ಓದಲಿ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ರೀಲ್ಸ್ ನೋಡಿ ನೋಡಿ ವಿಕ್ಕಾ ಬಗ್ಗೆ ಆಸಕ್ತಿ ಬಂತು. ಹುಡುಕಿದರೆ ನೂರಾರು ಪುಸ್ತಕ ಸಿಗುತ್ತವೆ. ಯಾವುದರಿಂದ ಶುರು ಮಾಡಲಿ? ಒಂದೇ ಹೆಸರು ಹೇಳಿ ಸಾಕು. ಅಮ್ಮ ಬೇರೆ ಇದು ಮಾಟ ಮಂತ್ರ ಅಂತ ಬೈಯುತ್ತಿದ್ದಾರೆ.

ಉತ್ತರ: ಗೊತ್ತಿಲ್ಲದವರಿಗೆ ಒಂದು ಮಾತು: ವಿಕ್ಕಾ ಅಂದರೆ ಪ್ರಕೃತಿಯನ್ನು, ಒಬ್ಬ ದೇವಿ ಮತ್ತು ಒಬ್ಬ ದೇವರನ್ನು ಪೂಜಿಸುವ, ಇಂಗ್ಲೆಂಡಿನಲ್ಲಿ ಹುಟ್ಟಿದ ಧರ್ಮ. ಅದನ್ನು ಆಚರಿಸುವ ಹಲವರು ತಮ್ಮನ್ನು 'ವಿಚ್' ಅಂತ ಕರೆದುಕೊಳ್ಳುತ್ತಾರೆ. ಒಂದೇ ಹೆಸರು ಬೇಕು ಅಂದರೆ ಸ್ಕಾಟ್ ಕನಿಂಗ್‌ಹ್ಯಾಮ್ ಬರೆದ 'ವಿಕ್ಕಾ: ಎ ಗೈಡ್ ಫಾರ್ ದ ಸಾಲಿಟರಿ ಪ್ರಾಕ್ಟಿಷನರ್'. 1988ರ ಪುಸ್ತಕ. ಇಂಗ್ಲಿಷ್ ಎಷ್ಟು ಸರಳ ಅಂದರೆ ಪಿಯುಸಿ ಮುಗಿಸಿದವರಿಗೆ ಡಿಕ್ಷನರಿ ಬೇಕಾಗುವುದಿಲ್ಲ.

ಆದರೆ ಅದೊಂದನ್ನೇ ಓದಿ ನಿಲ್ಲಿಸಿದರೆ ನನಗೆ ಸಮಾಧಾನ ಇಲ್ಲ. ಕೇಳಿದ್ದು ಒಂದಾದರೂ ಎರಡು ಹೇಳುತ್ತೇನೆ. ಎರಡನೆಯದು ರೊನಾಲ್ಡ್ ಹಟನ್ ಬರೆದ 'ದ ಟ್ರಯಂಫ್ ಆಫ್ ದ ಮೂನ್'. ಹಟನ್ ಬ್ರಿಸ್ಟಲ್ ಯೂನಿವರ್ಸಿಟಿಯಲ್ಲಿ ಇತಿಹಾಸದ ಪ್ರೊಫೆಸರ್. ಪುಸ್ತಕ 1999ರಲ್ಲಿ ಬಂತು, 2019ರಲ್ಲಿ ಎರಡನೇ ಆವೃತ್ತಿ ಬಂತು. ದಪ್ಪ ಇದೆ. ಹೆದರಬೇಡಿ, ಮೊದಲಿಂದ ಕೊನೆಯವರೆಗೆ ಓದಲೇಬೇಕು ಅಂತೇನಿಲ್ಲ. ಕನಿಂಗ್‌ಹ್ಯಾಮ್ 'ಹೀಗೆ ಮಾಡಿ' ಅನ್ನುತ್ತಾನೆ. 'ಇದು ಎಲ್ಲಿಂದ ಬಂತು ಗೊತ್ತಾ' ಅಂತ ಕೂರಿಸಿಕೊಂಡು ಹೇಳುವವನು ಹಟನ್. ಎರಡನ್ನೂ ಜೊತೆಯಲ್ಲೇ ಓದಬೇಕು ಅನ್ನುವುದಕ್ಕೆ ಕಾರಣ ಇದೆ.

ವಿಕ್ಕಾ ಅಂದರೆ ಸಾವಿರಾರು ವರ್ಷ ಹಳೆಯ ಧರ್ಮ ಅಂತ ರೀಲ್ಸ್‌ನಲ್ಲಿ ಹೇಳುತ್ತಾರೆ. ಅಲ್ಲ. ನಮ್ಮ ಅಜ್ಜಂದಿರ ಕಾಲದ್ದು. ಅದನ್ನು ಜನರ ಮುಂದೆ ತಂದವನು ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷಿನವನು. ಹುಟ್ಟಿದ್ದು 1884ರಲ್ಲಿ. ಹದಿನಾರರ ಆಸುಪಾಸಿನಲ್ಲಿ ಸಿಲೋನಿಗೆ ಬಂದು ಟೀ ತೋಟದಲ್ಲಿ ಕೆಲಸ ಕಲಿತ. ಆಮೇಲೆ ಬೋರ್ನಿಯೋ, ಮಲಯಾದ ರಬ್ಬರ್ ತೋಟಗಳು, ಕೊನೆಗೆ ಅಲ್ಲೇ ಕಸ್ಟಮ್ಸ್ ನೌಕರಿ. ತೋಟದ ರೈಟರುಗಳನ್ನು ನೋಡಿ ಬೆಳೆದ ನಮಗೆ ಈ ಮನುಷ್ಯ ಪರಿಚಿತನೇ ಅನ್ನಿಸುತ್ತಾನೆ, ಅಲ್ವಾ? 1936ರಲ್ಲಿ ನಿವೃತ್ತಿಯಾಗಿ ಇಂಗ್ಲೆಂಡಿಗೆ ಹೋದ. 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಪ್ತ ಗುಂಪು ತನಗೆ ದೀಕ್ಷೆ ಕೊಟ್ಟಿತು ಅಂತ ಹೇಳಿಕೊಂಡ. ಇಂಗ್ಲೆಂಡಿನಲ್ಲಿ 1735ರ ವಾಮಾಚಾರ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವನ 'ವಿಚ್‌ಕ್ರಾಫ್ಟ್ ಟುಡೇ' ಹೊರಬಂತು. ಇವತ್ತಿನ ವಿಕ್ಕಾ ಶುರುವಾಗುವುದು ಅಲ್ಲಿಂದ.

ಆ ಪುಸ್ತಕಕ್ಕೆ ಮುನ್ನುಡಿ ಬರೆದಾಕೆ ಮಾರ್ಗರೆಟ್ ಮರ್ರೆ. ಕಲ್ಕತ್ತೆಯಲ್ಲಿ ಹುಟ್ಟಿದವಳು, ಈಜಿಪ್ಟಿನ ಇತಿಹಾಸದ ಅಧ್ಯಯನದಲ್ಲಿ ದೊಡ್ಡ ಹೆಸರು. ಯೂರೋಪಿನಲ್ಲಿ ಮಾಟಗಾತಿಯರು ಅಂತ ಕೊಂದದ್ದು ಒಂದು ಹಳೆಯ ಗುಪ್ತ ಧರ್ಮದವರನ್ನು ಅಂತ 1921ರಲ್ಲಿ ಅವಳು ಬರೆದಳು. ಕೇಳಲು ಚೆನ್ನಾಗಿತ್ತು, ಜನ ನಂಬಿದರು. ಇತಿಹಾಸಕಾರರು ಕೋರ್ಟಿನ ದಾಖಲೆಗಳನ್ನು ತೆಗೆದು ನೋಡಿದಾಗ ಅದು ನಿಲ್ಲಲಿಲ್ಲ. ಸತ್ತವರಲ್ಲಿ ಬಹುತೇಕರು ತಮ್ಮನ್ನು ಕ್ರೈಸ್ತರು ಅಂತಲೇ ತಿಳಿದಿದ್ದ ಸಾಮಾನ್ಯ ಹಳ್ಳಿಯ ಜನ.

ಇಷ್ಟೆಲ್ಲ ಹೇಳಿದ್ದು ಸುಮ್ನೆ ಅಲ್ಲ. ಪುಸ್ತಕ ಆರಿಸುವಾಗ ಇದು ಕೈಗೆ ಬರುವ ಅಳತೆಗೋಲು. ಆನ್‌ಲೈನಿನಲ್ಲಿ ಮೊದಲ ಹತ್ತು ಪುಟ ಓದಲು ಬಿಡುತ್ತಾರಲ್ಲ, ಅಲ್ಲೇ ಇತಿಹಾಸದ ಭಾಗ ನೋಡಿ. 'ಕಲ್ಲಿನ ಯುಗದಿಂದ ಮುರಿಯದೆ ಬಂದ ಧರ್ಮ' ಅಂತ ಇದ್ದರೆ ಪುಸ್ತಕ ಮುಚ್ಚಿ. '90 ಲಕ್ಷ ಮಾಟಗಾತಿಯರನ್ನು ಸುಟ್ಟರು' ಅಂತ ಇದ್ದರಂತೂ ಕೆಳಗೇ ಇಡಿ. ಇತಿಹಾಸಕಾರರ ಈಗಿನ ಲೆಕ್ಕ ಸುಮಾರು 40,000ದಿಂದ 60,000. ಅದೇನು ಕಡಿಮೆ ಘೋರವೇ? ಇಂಗ್ಲೆಂಡಿನಲ್ಲಂತೂ ಸುಟ್ಟದ್ದಕ್ಕಿಂತ ನೇಣಿಗೆ ಹಾಕಿದ್ದೇ ಜಾಸ್ತಿ. ಇಷ್ಟು ಸುಲಭವಾಗಿ ಪರೀಕ್ಷಿಸಬಹುದಾದ ಸಂಗತಿಯನ್ನೇ ನೋಡದೆ ಬರೆದವರು ಉಳಿದದ್ದನ್ನು ನೋಡಿ ಬರೆದಿರುತ್ತಾರಾ?

ನಿಜ ಹೇಳಬೇಕು ಅಂದರೆ ಈ ಅಳತೆಗೆ ಕನಿಂಗ್‌ಹ್ಯಾಮ್ ಕೂಡ ಪೂರ್ತಿ ನಿಲ್ಲುವುದಿಲ್ಲ. ಇತಿಹಾಸ ಅವನ ಗಟ್ಟಿ ಜಾಗ ಅಲ್ಲ. ಅದಕ್ಕೇ ಪಕ್ಕದಲ್ಲಿ ಹಟನ್ ಇರಲಿ ಅಂದದ್ದು. ಕನಿಂಗ್‌ಹ್ಯಾಮ್‌ನ ಬಲ ಬೇರೆ. ಅವನಿಗಿಂತ ಮುಂಚೆ ಹೆಚ್ಚಿನವರಿಗೆ ವಿಕ್ಕಾ ಅಂದರೆ ಒಂದು ಗುಂಪು ಸೇರಬೇಕು, ದೀಕ್ಷೆ ಪಡೆಯಬೇಕು, ದೀಕ್ಷೆಯ ಮೂರು ಹಂತ ದಾಟಬೇಕು. ಒಬ್ಬರೇ ಕೂತು ಮಾಡಬಹುದು, ಯಾರ ಅಪ್ಪಣೆಯೂ ಬೇಡ ಅಂತ ಅವನು ಬಿಡಿಸಿ ಹೇಳಿದ. ಸಕಲೇಶಪುರದಲ್ಲೋ ಕೊಪ್ಪದಲ್ಲೋ ಕೂತವರಿಗೆ ಗುಂಪು ಎಲ್ಲಿಂದ ಸಿಗಬೇಕು?

ಅವನ ಪುಸ್ತಕದಲ್ಲಿ ಪೀಠ ಜೋಡಿಸುವ ಭಾಗ ನೋಡಿ. ಒಂದು ಬಟ್ಟಲಲ್ಲಿ ಉಪ್ಪು, ಅದು ಮಣ್ಣಿಗೆ. ಒಂದರಲ್ಲಿ ನೀರು. ಗಾಳಿಗೆ ಧೂಪ, ಬೆಂಕಿಗೆ ಮೇಣದಬತ್ತಿ. ಇದನ್ನು ಓದುವಾಗ ನಾನು ನಮ್ಮ ಮನೆಯ ದೇವರ ಗೂಡಿನ ಕಡೆ ತಿರುಗಿ ನೋಡಿದ್ದೆ. ಉಪ್ಪೊಂದು ಬಿಟ್ಟರೆ ಎಲ್ಲ ಅಲ್ಲೇ ಇತ್ತು. ಹಾಗಂತ 'ಓ, ಇದೆಲ್ಲ ನಮ್ಮದೇ' ಅಂತ ಕುಣಿಯಬೇಡಿ. ತೋಟದ ಅಂಚಿನ ಚೌಡಿ ಬನಕ್ಕೂ ವಿಕ್ಕಾದ ದೇವಿಗೂ ಹೋಲಿಕೆ ಹುಡುಕಿ ಖುಷಿಪಡುವವರು ತುಂಬಾ ಇದ್ದಾರೆ. ಚೌಡಿಗೆ ಮನೆತನ ಇದೆ, ಜಾಗ ಇದೆ, ಹರಕೆ ತಪ್ಪಿದರೆ ಸಿಟ್ಟು ಇದೆ. ಪುಸ್ತಕ ಓದಿ ಯಾರೂ ಚೌಡಿಯ ಒಕ್ಕಲಾಗುವುದಿಲ್ಲ. ವಿಕ್ಕಾ ಮಾತ್ರ ಬೆಳೆದದ್ದೇ ಪುಸ್ತಕದಿಂದ.

ಉಳಿದ ಹೆಸರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರೇಮಂಡ್ ಬಕ್‌ಲ್ಯಾಂಡ್‌ನ 'ಕಂಪ್ಲೀಟ್ ಬುಕ್ ಆಫ್ ವಿಚ್‌ಕ್ರಾಫ್ಟ್' 1986ರದ್ದು. 15 ಪಾಠ, ಕೊನೆಗೆ ಪ್ರಶ್ನೆಗಳು, ಥೇಟ್ ಎಸ್ಸೆಸ್ಸೆಲ್ಸಿ ಗೈಡು. ಹಾಗೆ ಓದುವ ಅಭ್ಯಾಸ ಇದ್ದವರಿಗೆ ಇಷ್ಟ ಆಗುತ್ತದೆ. ನನಗೆ ಆಗಲಿಲ್ಲ. ಸ್ಟಾರ್‌ಹಾಕ್ ಬರೆದ 'ದ ಸ್ಪೈರಲ್ ಡಾನ್ಸ್' ಮತ್ತು ಪತ್ರಕರ್ತೆ ಮಾರ್ಗೊ ಆಡ್ಲರ್ ಬರೆದ 'ಡ್ರಾಯಿಂಗ್ ಡೌನ್ ದ ಮೂನ್', ಎರಡೂ ಒಂದೇ ದಿನ, 1979ರ ಅಕ್ಟೋಬರ್ 31ರಂದು ಬಿಡುಗಡೆಯಾದವು. ಹೆಣ್ಣುಮಕ್ಕಳ ಹೋರಾಟದ ಕಡೆ ಮನಸ್ಸಿದ್ದರೆ ಮೊದಲನೆಯದು. ಇದನ್ನು ಆಚರಿಸುವವರು ಎಂಥ ಜನ, ಏನು ಕೆಲಸ ಮಾಡುತ್ತಾರೆ, ಯಾಕೆ ಬಂದರು ಅಂತ ತಿಳಿಯಬೇಕಾದರೆ ಆಡ್ಲರ್. ಡೊರೀನ್ ವ್ಯಾಲಿಯಂಟೆಯ 'ದ ರೀಬರ್ತ್ ಆಫ್ ವಿಚ್‌ಕ್ರಾಫ್ಟ್' 1989ರದ್ದು. ಅವಳು ಗಾರ್ಡ್ನರ್ ಜೊತೆಯಲ್ಲೇ ಇದ್ದವಳು. ಅವನ ಪೂಜಾ ಪಾಠಗಳಲ್ಲಿ ಎರವಲು ತಂದ ಸಾಲುಗಳನ್ನು ಗುರುತಿಸಿ, ಅವನ್ನು ತೆಗೆದು ಚೆಂದವಾಗಿ ಬರೆದುಕೊಟ್ಟವಳು. ಆಮೇಲೆ ಜಗಳ ಆಡಿ ಹೊರಗೆ ಬಂದಳು. ನನ್ನನ್ನು ಕೇಳಿದರೆ ಇವರೆಲ್ಲರಲ್ಲಿ ಪ್ರಾಮಾಣಿಕ ಬರವಣಿಗೆ ಅವಳದ್ದೇ. ಆದರೆ ಮೂರನೇ ಪುಸ್ತಕವಾಗಿ ಓದಿ, ಮೊದಲು ಬೇಡ. ಕಲ್ಕತ್ತೆಯ ಇಪ್ಸಿತಾ ರಾಯ್ ಚಕ್ರವರ್ತಿಯವರ 'ಬಿಲವೆಡ್ ವಿಚ್' ಆತ್ಮಕಥೆ. ಅದನ್ನು ಆತ್ಮಕಥೆ ಅಂತಲೇ ಓದಿ.

ಈಗ ಅಮ್ಮನ ವಿಷಯ. ಅಮ್ಮ ಹೆದರುವುದು ಸುಮ್ಮನೆ ಅಲ್ಲ. ಮೂರು ದಾರಿ ಕೂಡುವ ಕಡೆ ನಿಂಬೆಹಣ್ಣು, ಕುಂಕುಮ ಕಂಡರೆ ಗಾಡಿ ನಿಲ್ಲಿಸಿ ಬಳಸಿಕೊಂಡು ಹೋಗುವ ಜನ ನಾವು. ಬೇರೆ ರಾಜ್ಯಗಳಲ್ಲಿ ಇನ್ನೂ ಹೆಂಗಸರನ್ನು ಮಾಟಗಾತಿ ಅಂತ ಹಣೆಪಟ್ಟಿ ಹಚ್ಚಿ ಹೊಡೆಯುತ್ತಾರೆ, ಕೊಲ್ಲುತ್ತಾರೆ. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಇದಕ್ಕಾಗಿಯೇ ಕಾನೂನು ತರಬೇಕಾಯಿತು. ಅಮೆರಿಕದ ಹುಡುಗಿ ಟೀ ಶರ್ಟ್ ಮೇಲೆ 'ನಾನು ವಿಚ್' ಅಂತ ಬರೆಸಿಕೊಂಡರೆ ಅದು ಫ್ಯಾಷನ್. ನಮ್ಮಲ್ಲಿ ಆ ಪದಕ್ಕೆ ರಕ್ತದ ವಾಸನೆ ಇದೆ. ಅದಕ್ಕೇ ನಾನು ಕನ್ನಡದಲ್ಲೂ ವಿಕ್ಕಾ ಅಂತಲೇ ಬರೆಯುತ್ತೇನೆ, ಮಾಟ ಅನ್ನುವುದಿಲ್ಲ.

ನಮ್ಮ ಕರ್ನಾಟಕದ 2017ರ ಕಾಯ್ದೆ ಇರುವುದು ಅಮಾನವೀಯ ಪದ್ಧತಿ ಮತ್ತು ವಾಮಾಚಾರದ ವಿರುದ್ಧ. ಪುಸ್ತಕ ಓದುವವರನ್ನು ಅದು ಕೇಳುವುದಿಲ್ಲ. ವಿಕ್ಕಾದವರ ಮೊದಲ ನಿಯಮವೇ 'ಯಾರಿಗೂ ಕೇಡಾಗದಂತೆ ನಿನಗೆ ಬೇಕಾದದ್ದು ಮಾಡು' ಅನ್ನುವುದು. ಅಮ್ಮನಿಗೆ ಅದನ್ನು ಓದಿ ಹೇಳಿ. ಕದ್ದು ಓದಬೇಡಿ. ಹಾಸಿಗೆ ಕೆಳಗೆ ನಕ್ಷತ್ರದ ಚಿತ್ರ ಇರುವ ಪುಸ್ತಕ ಸಿಕ್ಕಿದರೆ ಆಮೇಲೆ ಎಷ್ಟು ವಿವರಿಸಿದರೂ ಪ್ರಯೋಜನ ಇಲ್ಲ.

ಕೊಳ್ಳುವಾಗ ಒಂದು ಎಚ್ಚರ. ಕನಿಂಗ್‌ಹ್ಯಾಮ್ ಪುಸ್ತಕ ಅರ್ಧ ಬೆಲೆಗೆ ಸಿಗುತ್ತದೆ ಅಂತ ನಾನು ಒಮ್ಮೆ ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದು ಜೆರಾಕ್ಸ್ ಮಾಡಿ ಅಂಟಿಸಿದ ಪ್ರತಿ. ಮಧ್ಯೆ ಹದಿನಾರು ಪುಟ ತಲೆಕೆಳಗಾಗಿತ್ತು, ಗಿಡಮೂಲಿಕೆಯ ಪಟ್ಟಿಯ ಒಂದು ಪುಟ ಪೂರ್ತಿ ಕಪ್ಪು. ವಾಪಸ್ ತೆಗೆದುಕೊಳ್ಳಲಿಲ್ಲ. ಒಬ್ಬರೇ ಲೇಖಕರ ಹೆಸರಿನಲ್ಲಿ ಒಂದೇ ವರ್ಷಕ್ಕೆ ಮೂವತ್ತು ಪುಸ್ತಕ ಇದ್ದರೂ ಹತ್ತಿರ ಹೋಗಬೇಡಿ. ಅಷ್ಟನ್ನು ಮನುಷ್ಯರು ಬರೆಯುವುದಿಲ್ಲ.

ಗಿಡಮೂಲಿಕೆ ಅಂದೆನಲ್ಲ, ಅಲ್ಲೂ ನೋಡಿಕೊಂಡು ಓದಿ. ಇಂಗ್ಲಿಷ್ ಪುಸ್ತಕಗಳಲ್ಲಿ ಮಗ್‌ವರ್ಟ್ ಅಂತ ಒಂದು ಸೊಪ್ಪು ಪದೇ ಪದೇ ಬರುತ್ತದೆ. ಅದನ್ನು ಹೊರದೇಶದಿಂದ ತರಿಸಿ ದುಡ್ಡು ಸುರಿಯುವವರನ್ನು ಕಂಡಿದ್ದೇನೆ. ನಮ್ಮ ದವನ ಅದರದ್ದೇ ಕುಲದ ಗಿಡ. ದವನದ ಹುಣ್ಣಿಮೆಗೆ ದೇವರಿಗೆ ಏರಿಸುತ್ತೇವಲ್ಲ, ಅದೇ. ಸಂತೆಯಲ್ಲಿ ಹೂವಿನವರ ಬುಟ್ಟಿಯಲ್ಲಿ ಸಿಗುತ್ತದೆ. ಇನ್ನೊಂದು ಕಡೆ, ಹಳೆಯ ಕಥೆಗಳಲ್ಲಿ ಮಾಟಗಾತಿಯರು ಮೈಗೆ ಹಚ್ಚಿಕೊಂಡು ಹಾರುವ ಮುಲಾಮು ಅಂತ ಬರುತ್ತದೆ. ಅದರಲ್ಲಿ ಹೇಳುವ ಬೆಲಡೋನಾ, ನಮ್ಮ ಬೇಲಿ ಬದಿಯ ಉಮ್ಮತ್ತಿ, ಎಲ್ಲ ಒಂದೇ ಬಗೆಯ ವಿಷ. ಮುಟ್ಟಿ ಪ್ರಯೋಗ ಮಾಡಿದರೆ ಹಾರುವುದು ಪ್ರಾಣವೇ.

ಕೊನೆಯದಾಗಿ, ಯಾವ ಪುಸ್ತಕ ತಂದರೂ ನಿಮಗೆ ತೊಡಕಾಗುವುದು ವರ್ಷದ ಚಕ್ರ. ವಿಕ್ಕಾದಲ್ಲಿ ಎಂಟು ಹಬ್ಬ. ಈ ಎಂಟನ್ನೂ ಒಂದೇ ಚಕ್ರವಾಗಿ ಜೋಡಿಸಿದ್ದೂ 1950ರ ದಶಕದಲ್ಲೇ. ಎಲ್ಲವೂ ಇಂಗ್ಲೆಂಡಿನ ಹವಾಮಾನಕ್ಕೆ ಹೊಲಿದ ಬಟ್ಟೆ. ಜೂನ್ 21ರ ಹಬ್ಬಕ್ಕೆ ಸೂರ್ಯನ ಪ್ರತಾಪ ಹೊಗಳುತ್ತಾರೆ. ಹೊಗಳಲಿ, ಲಂಡನ್ನಿನಲ್ಲಿ ಅವತ್ತು ಹಗಲು 16 ಗಂಟೆ 38 ನಿಮಿಷ. ಡಿಸೆಂಬರಿನಲ್ಲಿ 8 ಗಂಟೆಯೂ ಇರುವುದಿಲ್ಲ. ನಮ್ಮಲ್ಲಿ ಅತಿ ಉದ್ದದ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ, ಅತಿ ಚಿಕ್ಕದ್ದು 11 ಗಂಟೆಗೆ ಸ್ವಲ್ಪ ಜಾಸ್ತಿ. ಡಿಸೆಂಬರ್ 21ಕ್ಕೆ ಸೂರ್ಯ ಮತ್ತೆ ಹುಟ್ಟಿದ ಅಂತ ಅವರು ಯಾಕೆ ಕುಣಿಯುತ್ತಾರೆ ಅಂತ ಇಲ್ಲಿ ಕೂತು ಓದಿದರೆ ಅರ್ಥವೇ ಆಗುವುದಿಲ್ಲ. ಆಗಸ್ಟ್ 1ರಂದು ಮೊದಲ ಗೋಧಿ ಕೊಯ್ಲಿನ ಹಬ್ಬ. ನಮ್ಮ ಗದ್ದೆಗಳಲ್ಲಿ ಆಗ ನಾಟಿ ನಡೆಯುತ್ತಿರುತ್ತದೆ. ಮೇ 1 ಹೂವಿನ ಹಬ್ಬ. ಅಷ್ಟರಲ್ಲಿ ನಮ್ಮ ಕಾಫಿ ಹೂವು ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಅರಳಿ, ಊರೆಲ್ಲ ಘಮ್ಮೆಂದು, ಮೂರು ದಿನಕ್ಕೆ ಉದುರಿ ಹೋಗಿರುತ್ತದೆ.

ಸತ್ತವರನ್ನು ನೆನೆಯುವ ಅಕ್ಟೋಬರ್ 31ರ ಹಬ್ಬ ಒಂದು ಮಾತ್ರ ನಮಗೆ ಹತ್ತಿರ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟವರಿಗೆ ಆ ಅಧ್ಯಾಯ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಎರಡು ಪುಸ್ತಕದ ಜೊತೆ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಪುಸ್ತಕ ಹೇಳುವ ಆ ಎಂಟು ದಿನ, ಜೊತೆಗೆ ಪ್ರತಿ ಹುಣ್ಣಿಮೆ, ನಿಮ್ಮ ಮನೆ ಹಿತ್ತಲಲ್ಲಿ ಏನು ಕಂಡಿತು ಅಂತ ಎರಡು ಸಾಲು ಬರೆಯಿರಿ. ಒಂದು ವರ್ಷ ಬರೆದ ಮೇಲೆ ಕನಿಂಗ್‌ಹ್ಯಾಮ್‌ನನ್ನು ಮತ್ತೆ ತೆರೆಯಿರಿ. ನನ್ನ ನೋಟ್‌ಬುಕ್ ಶುರುವಾಗುವುದು ಹೀಗೆ: 'ಜೂನ್ 21. ಸೂರ್ಯನ ಹಬ್ಬ. ಐದು ದಿನದಿಂದ ಮಳೆ, ಕರೆಂಟ್ ಇಲ್ಲ. ಮೇಣದಬತ್ತಿ ಹಚ್ಚಿದ್ದು ಪೂಜೆಗಲ್ಲ, ಊಟಕ್ಕೆ.'