ಕಪ್ಪಾದಷ್ಟೂ ತಂಪು ಅಲ್ಲ

ಕಾರು ತಂದು ನಿಲ್ಲಿಸಿದವರು ಕೆಳಗಿಳಿಯುವ ಮೊದಲೇ ಕೇಳುವ ಮಾತು ಒಂದೇ: "ಎಷ್ಟು ಕಪ್ಪು ಸಿಗುತ್ತೆ?" ಗಾಜಿಗೆ ಫಿಲ್ಮ್ ಅಂಟಿಸುವ ಕೆಲಸ ಶುರು ಮಾಡಿ ನನಗೆ 18 ವರ್ಷವಾಯಿತು. ಕಾರುಗಳು ಬದಲಾದವು, ಫಿಲ್ಮ್‌ಗಳು ಬದಲಾದವು, ಈ ಪ್ರಶ್ನೆ ಮಾತ್ರ ಹಾಗೇ ಇದೆ. ಯಾಕೆ ಬೇಕು ಅಂತ ಕೇಳಿದರೆ ಬಿಸಿಲು ತಡೆಯೋಕೆ ಅನ್ನುತ್ತಾರೆ. ಆರಿಸುವುದು ಬಣ್ಣ ನೋಡಿ.

ಒಮ್ಮೆ ಒಬ್ಬರು ಬಂದಿದ್ದರು. ಕಾರಿನ ನಾಲ್ಕೂ ಬಾಗಿಲಿಗೆ ಇದ್ದಿಲಿನಷ್ಟು ಕಪ್ಪು ಫಿಲ್ಮ್. "ಇಷ್ಟು ಹಾಕಿಸಿದ್ರೂ ಕಿಟಕಿ ಕಡೆ ಕೈ ಸುಡುತ್ತೆ ಸಾರ್, ಇನ್ನೂ ಕಪ್ಪು ಇದೆಯಾ?" ಅಂದರು. ನಾನು ಮಾತಾಡಲು ಹೋಗಲಿಲ್ಲ. ಹಿಂದಿನ ಒಂದು ಬಾಗಿಲಿನ ಹಳೆ ಫಿಲ್ಮ್ ಕಿತ್ತು, ಅಲ್ಲಿ ಒಳ್ಳೆಯ ಸೆರಾಮಿಕ್ ಫಿಲ್ಮಿನ ತುಂಡು ಅಂಟಿಸಿದೆ. ದೂರದಿಂದ ನೋಡಿದರೆ ಬರೀ ಗಾಜು ಅನ್ನಿಸುವ ಫಿಲ್ಮ್ ಅದು. ಆ ಬದಿಗೆ ಬಿಸಿಲು ಬೀಳುವ ಹಾಗೆ ಕಾರು ತಿರುಗಿಸಿ ನಿಲ್ಲಿಸಿ, ಒಳಗೆ ಕೂರಲು ಹೇಳಿದೆ. ಹತ್ತು ನಿಮಿಷ ಆದ ಮೇಲೆ ಅವರು ಮುಂದಿನ ಗಾಜಿನ ಹತ್ತಿರ ಒಂದು ಸಲ, ಹಿಂದಿನದರ ಹತ್ತಿರ ಒಂದು ಸಲ ಕೈ ಹಿಡಿದು ನೋಡಿದರು. "ಇದೇನ್ರೀ, ಬೆಳ್ಳಗಿರೋದೇ ತಂಪಾಗಿದೆಯಲ್ಲ!"

ಹಾಗಾಗುವುದಕ್ಕೆ ಕಾರಣ ಇದೆ. ಬಿಸಿಲಿನಲ್ಲಿ ಬರುವ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಇನ್‌ಫ್ರಾರೆಡ್. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಮಾತ್ರ ತಿಳಿಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಸುಮಾರು 44%. ಉಳಿದ ಸ್ವಲ್ಪ ಯುವಿ, ಅಂದರೆ ಚರ್ಮ ಕಪ್ಪಾಗಿಸುವ ನೇರಳಾತೀತ ಕಿರಣ. ಅಗ್ಗದ ಕಪ್ಪು ಫಿಲ್ಮ್ ಅಂದರೆ ಪ್ಲಾಸ್ಟಿಕ್ ಹಾಳೆಗೆ ಹಾಕಿದ ಬಣ್ಣ, ಅಷ್ಟೇ. ಅದು ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ಡನ್ನು ಬಹುಪಾಲು ಹಾಗೇ ಒಳಗೆ ಬಿಡುತ್ತದೆ. ಜೊತೆಗೆ ಹೀರಿಕೊಂಡ ಬಿಸಿಯಿಂದ ಗಾಜೇ ಕಾದು ಕೂರುತ್ತದೆ. ಕಾರು ಓಡುವಾಗ ಹೊರಗಿನ ಗಾಳಿ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಅದೇ ಗಾಜು ನಿಮ್ಮ ಕೆನ್ನೆ ಪಕ್ಕದ ಕಾದ ಹೆಂಚು. ಕಂಪನಿಯಿಂದಲೇ ಹಿಂದಿನ ಗಾಜು ಕಪ್ಪಗೆ ಬರುವ ಕಾರುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಆ ಕಪ್ಪು ಇರುವುದು ಹೊರಗಿನವರಿಗೆ ಒಳಗೆ ಕಾಣದಿರಲಿ ಅಂತ.

ಮಾರುಕಟ್ಟೆಯಲ್ಲಿ ಹೆಸರುಗಳು ಜಾಸ್ತಿ, ಜಾತಿಗಳು ನಾಲ್ಕೇ. ಬಣ್ಣದ ಫಿಲ್ಮ್ ಬಗ್ಗೆ ಹೇಳಿದೆನಲ್ಲ, ಕೆಲವು ವರ್ಷಕ್ಕೆ ನೇರಳೆಗೆ ತಿರುಗುವುದು ಇದೇ. ಲೋಹದ ಪದರ ಇರುವ ಫಿಲ್ಮ್ ಬಿಸಿಲನ್ನು ಚೆನ್ನಾಗಿ ಹಿಂದಕ್ಕೆ ತಳ್ಳುತ್ತದೆ, ಆದರೆ ಮೊಬೈಲ್, ಜಿಪಿಎಸ್, ರೇಡಿಯೋ ಸಿಗ್ನಲ್‌ಗೂ ಅಡ್ಡ ಬರುತ್ತದೆ. ಹಿಂದಿನ ಗಾಜಿನಲ್ಲೇ ಆಂಟೆನಾ ಇರುವ ಕಾರಿಗೆ ನಾನಂತೂ ಹಾಕುವುದಿಲ್ಲ. ಕಾರ್ಬನ್ ಫಿಲ್ಮ್ ಬಣ್ಣ ಬಿಡುವುದಿಲ್ಲ, ಬಿಸಿ ತಡೆಯುವುದರಲ್ಲಿ ಮಧ್ಯಮ. ಸೆರಾಮಿಕ್‌ನಲ್ಲಿ ಲೋಹದ ಹಾಳೆಯ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಕಾಣುವ ಬೆಳಕನ್ನು ಒಳಗೆ ಬಿಟ್ಟು ಇನ್‌ಫ್ರಾರೆಡ್ಡನ್ನು ತಡೆಯುವುದು ಅವುಗಳ ಕೆಲಸ. ಸಿಗ್ನಲ್‌ಗೆ ತೊಂದರೆ ಇಲ್ಲ, ಜೇಬಿಗೆ ಮಾತ್ರ ಭಾರ. ಆದರೆ 'ಸೆರಾಮಿಕ್' ಅಂತ ಡಬ್ಬದ ಮೇಲೆ ಬರೆಯೋಕೆ ಯಾರಪ್ಪಣೆಯೂ ಬೇಕಿಲ್ಲ. ಹಾಗಾಗಿ ಹೆಸರು ಬಿಟ್ಟು ಅಂಕಿ ಕೇಳಿ.

ನೋಡಬೇಕಾದ ಅಂಕಿ ಮೂರು. ಮೊದಲನೆಯದು ವಿಎಲ್‌ಟಿ, ಕಾಣುವ ಬೆಳಕು ಎಷ್ಟು ಒಳಗೆ ಬರುತ್ತದೆ ಅನ್ನುವುದು. 70 ಅಂದರೆ ತಿಳಿ, 5 ಅಂದರೆ ಕಾಡಿಗೆ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕಾರಿನ ಗಾಜೇ ಪೂರ್ತಿ ತಿಳಿ ಇರುವುದಿಲ್ಲ. ಗಾಜು 80% ಬೆಳಕು ಬಿಡುತ್ತಿದ್ದು, ಮೇಲೆ 50ರ ಫಿಲ್ಮ್ ಹಾಕಿದರೆ ಕೊನೆಗೆ ಸಿಗುವುದು 40%. 70ರ ಫಿಲ್ಮ್ ಹಾಕಿದರೆ 56%. ಕಾನೂನು ಸಾಮಾನ್ಯವಾಗಿ ಕೇಳುವುದು ಫಿಲ್ಮ್ ಡಬ್ಬದ ಅಂಕಿಯನ್ನಲ್ಲ, ಗಾಜು ಫಿಲ್ಮ್ ಎರಡೂ ಸೇರಿದ ಅಂಕಿಯನ್ನು. ಈ ನಿಯಮ ದೇಶದಿಂದ ದೇಶಕ್ಕೆ ಬೇರೆ, ಮುಂದಿನ ಗಾಜಿಗೂ ಹಿಂದಿನದಕ್ಕೂ ಬೇರೆ ಇರುತ್ತದೆ. ನಿಮ್ಮಲ್ಲಿ ಏನಿದೆ ಅಂತ ಅಂಗಡಿಯವನನ್ನು ಕೇಳಬೇಡಿ, ನೀವೇ ನೋಡಿಕೊಳ್ಳಿ. ದಂಡ ಕಟ್ಟುವವರು ನೀವು ತಾನೇ. ಗಾಜಿನ ಎರಡೂ ಕಡೆ ಹಿಡಿದು ಬೆಳಕು ಅಳೆಯುವ ಸಣ್ಣ ಮೀಟರ್ ಬರುತ್ತದೆ. ಒಳ್ಳೆಯ ಅಂಗಡಿಯಲ್ಲಿ ಫಿಲ್ಮ್ ಅಂಟಿಸುವ ಮೊದಲೇ ಬರೀ ಗಾಜನ್ನು ಅಳೆದು ತೋರಿಸುತ್ತಾರೆ.

ಎರಡನೆಯದು ಟಿಎಸ್‌ಇಆರ್, ಅಂದರೆ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಪಾಲು ಹೊರಗೇ ಉಳಿಯುತ್ತದೆ ಅನ್ನುವುದು. ನಿಮಗೆ ನಿಜವಾಗಿ ಬೇಕಾದದ್ದು ಇದೇ. ಮಾರುವವರು ತೋರಿಸುವುದು ಮೂರನೆಯದನ್ನು, ಐಆರ್ ರಿಜೆಕ್ಷನ್, ಅಂದರೆ ಇನ್‌ಫ್ರಾರೆಡ್ಡನ್ನು ಎಷ್ಟು ತಡೆಯುತ್ತದೆ ಅನ್ನುವುದು. '97% ಐಆರ್' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಿಸಿಲಿನ ಇನ್‌ಫ್ರಾರೆಡ್ 780ರಿಂದ 2500 ನ್ಯಾನೋಮೀಟರ್‌ವರೆಗೆ ಹರಡಿದೆ. ಎಷ್ಟೋ ಡಬ್ಬಗಳ ಮೇಲಿನ ಅಂಕಿ ಅಳೆದಿರುವುದು ಅದರಲ್ಲಿ ಒಂದು ಚಿಕ್ಕ ತುಂಡಿನಲ್ಲಿ, ಫಿಲ್ಮ್ ಚೆನ್ನಾಗಿ ತಡೆಯುವ ಕಡೆ ಮಾತ್ರ. ಪೂರ್ತಿ ಅಳೆದರೂ ಅದು ಒಟ್ಟು ಬಿಸಿಲಿನ ಅರ್ಧದ ಲೆಕ್ಕ ಅನ್ನುವುದು ನೆನಪಿರಲಿ.

ಒಂದು ಸಣ್ಣ ಗಣಿತ ಹೇಳಿಕೊಡುತ್ತೇನೆ, ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ. ಕಾಣುವ ಬೆಳಕಿನ 70% ಒಳಗೆ ಬಿಡುವ ಫಿಲ್ಮ್ ಇದೆ ಅನ್ನಿ. ಒಟ್ಟು ಶಕ್ತಿಯಲ್ಲಿ ಕಾಣುವ ಬೆಳಕು 44%, ಅದರಲ್ಲಿ 70% ಅಂದರೆ ಸುಮಾರು 31. ಇನ್‌ಫ್ರಾರೆಡ್, ಯುವಿ ಒಂದು ಚೂರೂ ಬಿಡದಿದ್ದರೂ ಈ 31 ಒಳಗೆ ಬಂದೇ ಬರುತ್ತದೆ. ಉಳಿಯುವುದು 69. ಹೀಗಿರುವಾಗ "70ರ ತಿಳಿ ಫಿಲ್ಮ್, 85% ಬಿಸಿ ತಡೆಯುತ್ತೆ" ಅಂತ ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬನ್ನಿ.

ಬಲ್ಬಿನ ಆಟವನ್ನೂ ನೀವು ನೋಡಿರುತ್ತೀರಿ. ಒಂದು ಹೀಟ್ ಲ್ಯಾಂಪ್, ಮುಂದೆ ಫಿಲ್ಮ್ ಅಂಟಿಸಿದ ಗಾಜು, ಅದರ ಹಿಂದೆ ನಿಮ್ಮ ಕೈ. "ತಂಪಾಗಿದೆ ಅಲ್ವಾ?" ಹೌದು, ಮೊದಲ ಅರ್ಧ ನಿಮಿಷ. ಆ ಬಲ್ಬಿನಿಂದ ಬರುವುದು ಹೆಚ್ಚಾಗಿ ಇನ್‌ಫ್ರಾರೆಡ್ಡೇ, ಬಿಸಿಲಿನ ಮಿಶ್ರಣ ಅಲ್ಲ. ಜೊತೆಗೆ ಹೀರಿಕೊಳ್ಳುವ ಫಿಲ್ಮ್ ಕಾದ ಮೇಲೆ ಏನಾಗುತ್ತದೆ ಅಂತ ನೋಡುವುದರೊಳಗೆ ಗಾಜು ತೆಗೆದಿಟ್ಟಿರುತ್ತಾರೆ. ಕೈ ತೆಗೆಯಬೇಡಿ, ಐದು ನಿಮಿಷ ಹಾಗೇ ಹಿಡಿದುಕೊಂಡಿರಿ. ಅದಕ್ಕಿಂತ ಒಳ್ಳೆಯದು, ಅದೇ ಫಿಲ್ಮ್ ಹಾಕಿದ ಕಾರಿನಲ್ಲಿ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತು ಬರುವುದು.

ಯುವಿ ವಿಷಯದಲ್ಲಿ ಚಿಂತೆ ಕಡಿಮೆ. ಒಳ್ಳೆಯ ಫಿಲ್ಮ್ ತಿಳಿಯಾಗಿದ್ದರೂ 99% ತಡೆಯುತ್ತದೆ. ಮುಂದಿನ ದೊಡ್ಡ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಅದು ಮೊದಲೇ ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸುತ್ತದೆ. ಯುವಿ ಒಳಗೆ ನುಸುಳುವುದು ಪಕ್ಕದ ಗಾಜಿನಿಂದ. ದಿನವಿಡೀ ಗಾಡಿ ಓಡಿಸುವವರ ಕಿಟಕಿ ಬದಿಯ ಕೈ ಇನ್ನೊಂದಕ್ಕಿಂತ ಕಪ್ಪಾಗಿರುತ್ತದೆ, ಗಮನಿಸಿ ನೋಡಿ.

ತೀರಾ ಕಪ್ಪು ಬೇಡ ಅನ್ನುವುದಕ್ಕೆ ನನ್ನದೇ ಕಾರಣವೂ ಇದೆ. ಈ ಕೆಲಸಕ್ಕೆ ಹೊಸದಾಗಿ ಬಂದಾಗ ನನ್ನ ಕಾರಿಗೆ ಸುತ್ತಲೂ 5ರ ಫಿಲ್ಮ್ ಅಂಟಿಸಿಕೊಂಡಿದ್ದೆ. ಏನು ಗತ್ತು ಆಗ! ಒಂದು ಮಳೆಯ ರಾತ್ರಿ ರಿವರ್ಸ್ ತೆಗೆಯುವಾಗ ಹಿಂದೆ ಇದ್ದ ಮೋಟು ಗೋಡೆ ಕಾಣಲೇ ಇಲ್ಲ. ಬಂಪರ್ ಹೋಯಿತು. ಗೋಡೆಯ ಜಾಗದಲ್ಲಿ ಯಾವುದಾದರೂ ಮಗು ಇದ್ದಿದ್ದರೆ ಅಂತ ಅನ್ನಿಸಿ ಮರುದಿನವೇ ಕಿತ್ತು ಹಾಕಿದೆ. ಫಿಲ್ಮ್ ಆರಿಸುವವರು ಮಧ್ಯಾಹ್ನ ಅಂಗಡಿಗೆ ಬಂದು ಸ್ಯಾಂಪಲ್ ನೋಡಿ ಹೋಗುತ್ತಾರೆ. ಕತ್ತಲಾದ ಮೇಲೆ ಬನ್ನಿ ಅಂತ ನಾನು ಹೇಳುವುದು ಅದಕ್ಕೇ. ಬಂದವರಲ್ಲಿ ಅರ್ಧ ಜನ ಒಂದು ಮೆಟ್ಟಿಲು ತಿಳಿ ಫಿಲ್ಮ್‌ಗೆ ಇಳಿಯುತ್ತಾರೆ.

ಇನ್ನು ಅಂಟಿಸುವ ಕೈ. ಎಷ್ಟೇ ಒಳ್ಳೆಯ ಫಿಲ್ಮ್ ಆದರೂ ಕೆಟ್ಟ ಕೈಗೆ ಸಿಕ್ಕಿದರೆ ಮುಗೀತು.

ಪಕ್ಕದ ಗಾಜು ಹೆಚ್ಚುಕಡಿಮೆ ಸಪಾಟು, ಅದನ್ನು ಆರು ತಿಂಗಳು ಕಲಿತ ಹುಡುಗ ಮಾಡುತ್ತಾನೆ. ಕೆಲಸಗಾರ ಯಾರು ಅಂತ ಗೊತ್ತಾಗುವುದು ಹಿಂದಿನ ಗಾಜಿನಲ್ಲಿ. ಅದು ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಫಿಲ್ಮ್ ಮಾತ್ರ ಚಪ್ಪಟೆ ಹಾಳೆ. ಬಾಣಲೆಯ ಬೆನ್ನಿಗೆ ಕಾಗದ ಸುತ್ತಿ ನೋಡಿ, ನಿರಿಗೆ ಬೀಳುತ್ತದಲ್ಲ, ಹಾಗೆ. ಅದಕ್ಕೆ ಫಿಲ್ಮನ್ನು ಮೊದಲು ಗಾಜಿನ ಹೊರಮೈ ಮೇಲೆ ಹಾಸಿ, ನಿರಿಗೆಗಳನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸರಿಸಿ, ಹೀಟ್ ಗನ್ನಿನ ಬಿಸಿಗಾಳಿಯಲ್ಲಿ ಒಂದೊಂದನ್ನೇ ಕುಗ್ಗಿಸಬೇಕು. ಈ ಹಾಳೆ ರೋಲಿನ ಉದ್ದಕ್ಕೆ ಚೆನ್ನಾಗಿ ಕುಗ್ಗುತ್ತದೆ, ಅಗಲಕ್ಕೆ ಹಟ ಮಾಡುತ್ತದೆ. ಯಾವ ಕಡೆಗೆ ಹಾಸಬೇಕು ಅಂತ ಗೊತ್ತಿಲ್ಲದವನು ಎಷ್ಟು ಕಾಯಿಸಿದರೂ ನಿರಿಗೆ ಹೋಗುವುದಿಲ್ಲ. ಬಿಸಿ ಸ್ವಲ್ಪ ಹೆಚ್ಚಾದರೆ ಫಿಲ್ಮ್ ಸುಟ್ಟು ಮಡಿಕೆ ನಿಲ್ಲುತ್ತದೆ. ತೀರಾ ಒಂದೇ ಕಡೆ ಕಾಯಿಸಿದರೆ ಗಾಜೇ ಒಡೆಯಬಹುದು. ಪೂರ್ತಿ ಕೂತ ಮೇಲೆ ಅದನ್ನು ತೆಗೆದು, ಒಳಗಡೆ ಸೋಪಿನ ನೀರು ಸಿಂಪಡಿಸಿ, ಒಂದೇ ತುಂಡಾಗಿ ಅಂಟಿಸಬೇಕು. ಇದು ಬಾರದವರು ಹಿಂದಿನ ಗಾಜಿಗೆ ಎರಡು ಮೂರು ಪಟ್ಟಿ ಮಾಡಿ ಜೋಡಿಸುತ್ತಾರೆ. ಗಾಜಿನ ಮಂಜು ಕರಗಿಸುವ ಡಿಫಾಗರ್ ಗೆರೆಗಳ ಪಕ್ಕ ಜೋಡಣೆ ಮುಚ್ಚಿಹೋಗುತ್ತದೆ ಅಂತ ಅವರ ಲೆಕ್ಕ. ಮೊದಲ ದಿನ ಕಾಣುವುದಿಲ್ಲ, ಆಮೇಲೆ ಅದೇ ಕಾಣುತ್ತದೆ.

ಹಾಗಾಗಿ ಅಂಗಡಿಗೆ ಹೋದಾಗ ಸ್ಯಾಂಪಲ್ ಪುಸ್ತಕ ಬದಿಗಿಡಿ. ಮುಗಿದು ನಿಂತ ಕಾರು ಇದ್ದರೆ ಅದನ್ನು ತೋರಿಸಲು ಹೇಳಿ. ಕಿಟಕಿ ಎರಡು ಬೆರಳಷ್ಟು ಇಳಿಸಿ ಮೇಲಿನ ಅಂಚು ನೋಡಿ. ಫಿಲ್ಮ್ ಗಾಜಿನ ಅಂಚಿನ ಗುಂಟ ಒಂದೇ ಸಮ ಹೋಗಿರಬೇಕು, ಹಲ್ಲು ಹಲ್ಲಾಗಿ ಅಲ್ಲ. ಆಮೇಲೆ ಹಿಂದಿನ ಗಾಜಿನ ಅಂಚಿನ ಕಪ್ಪು ಚುಕ್ಕಿಗಳ ಹತ್ತಿರ ನೋಡಿ. ಆ ಚುಕ್ಕಿಗಳು ಉಬ್ಬಿರುವುದರಿಂದ ಅಲ್ಲಿ ಸ್ವಲ್ಪ ಬಿಳಿಚಿಕೊಂಡ ಪಟ್ಟಿ ಉಳಿಯುವುದು ಸಹಜ, ಅದಕ್ಕೆ ಯಾರನ್ನೂ ಬೈಯಬೇಡಿ. ಒಂದೆರಡು ಧೂಳಿನ ಕಣವೂ ಇದ್ದೇ ಇರುತ್ತದೆ. ಒಂದು ಕಣವೂ ಇಲ್ಲದ ಹಾಗೆ ಮಾಡಿಕೊಡುತ್ತೇನೆ ಅನ್ನುವವನನ್ನು ನಾನು ನಂಬುವುದಿಲ್ಲ. ಆದರೆ ರಸ್ತೆ ಬದಿಯ ಗಾಳಿಯಲ್ಲಿ ಬಾಗಿಲು ತೆರೆದಿಟ್ಟು ಅಂಟಿಸುವ ಕಡೆ ಕಣಗಳಲ್ಲ, ಮರಳೇ ಸಿಗುತ್ತದೆ. ನಾಲ್ಕು ಕಡೆ ಗೋಡೆ ಇರುವ, ಫ್ಯಾನ್ ಆರಿಸಿದ, ನೆಲಕ್ಕೆ ನೀರು ಹಾಕಿದ ಜಾಗ ಬೇಕು.

ಕಟಿಂಗ್ ಬಗ್ಗೆಯೂ ಕೇಳಿ. ಕಂಪ್ಯೂಟರ್ ಮೆಷಿನ್ನಿನಲ್ಲಿ ಕತ್ತರಿಸಿದರೆ ನಿಮ್ಮ ಗಾಜಿಗೆ ಬ್ಲೇಡ್ ತಗಲುವುದಿಲ್ಲ. ಕೈಯಲ್ಲಿ ಕತ್ತರಿಸುವುದು ತಪ್ಪಲ್ಲ, ನಾನೂ ಹಾಗೇ ಕಲಿತವನು. ಒತ್ತಿ ಎಳೆಯುವ ಕೈ ಮಾತ್ರ ಗಾಜಿನ ಮೇಲೆ ಗೀರು ಬಿಡುತ್ತದೆ. ಹಳೆ ಫಿಲ್ಮ್ ತೆಗೆಯುವುದಿದ್ದರೆ ಇನ್ನೂ ಹುಷಾರಾಗಿರಿ. ಹಿಂದಿನ ಗಾಜಿನ ಅಂಟನ್ನು ಆವಿಯಲ್ಲಿ ಮೆದು ಮಾಡಿ ತೆಗೆಯಬೇಕು. ಬ್ಲೇಡ್ ಹಿಡಿದು ಕೆರೆದರೆ ಡಿಫಾಗರ್ ಗೆರೆ ಕಿತ್ತು ಬರುತ್ತದೆ. ಬಾಗಿಲಿನ ಸ್ವಿಚ್ಚುಗಳ ಮೇಲೆ, ಸ್ಪೀಕರ್‌ಗಳ ಮೇಲೆ ಟವೆಲ್ ಹೊದಿಸುತ್ತಾರಾ ನೋಡಿ. ಈ ಕೆಲಸದಲ್ಲಿ ನೀರು ತುಂಬ ಹರಿಯುತ್ತದೆ, ಅದು ಸ್ವಿಚ್ಚಿಗೆ ಇಳಿದರೆ ತೊಂದರೆ ಗೊತ್ತಾಗುವುದು ವಾರ ಬಿಟ್ಟು.

ವಾರಂಟಿ ಕಾರ್ಡ್ ಕೊಡುತ್ತಾರೆ, ಸರಿ. ಯಾರ ವಾರಂಟಿ ಅಂತ ಕೇಳಿ, ಫಿಲ್ಮ್ ಕಂಪನಿಯದೋ ಅಂಗಡಿಯದೋ. ರೋಲಿನ ಡಬ್ಬ ನಿಮ್ಮ ಕಣ್ಣೆದುರು ತೆರೆಯಲಿ, ಅದರ ನಂಬರ್ ಕಾರ್ಡಿನಲ್ಲಿ ಬರೆಸಿ. ಬಣ್ಣ ಹೋದರೆ, ಗುಳ್ಳೆ ಎದ್ದರೆ ಹೊಸ ಫಿಲ್ಮ್ ಕೊಡುತ್ತಾರೆ ಅನ್ನೋಣ. ಹಳೆಯದನ್ನು ಕೀಳುವ ಕೂಲಿ ಯಾರದು? ಜಗಳ ಆಗುವುದು ಯಾವಾಗಲೂ ಇದರ ಮೇಲೆ. ಮೊದಲೇ ಬರೆಸಿಕೊಳ್ಳಿ.

ಒಬ್ಬರೇ ಕೆಲಸ ಮಾಡಿದರೆ ಇಡೀ ಕಾರಿಗೆ ಅರ್ಧ ದಿನ ಹಿಡಿಯುತ್ತದೆ. ಕಾದು ಕೂತು ಆತುರ ಮಾಡಬೇಡಿ. ಮುಂದಿನ ಗಾಜಿಗೂ ಹಾಕಿಸುವುದಾದರೆ ಕ್ಯಾಮೆರಾ, ಮಳೆ ಸೆನ್ಸರ್ ಇರುವ ಜಾಗ ಬಿಟ್ಟು ಕತ್ತರಿಸಲು ಹೇಳಿ.

ಕಾರು ಮನೆಗೆ ಬಂದ ಮೇಲೆ ಮೂರು ನಾಲ್ಕು ದಿನ ಕಿಟಕಿ ಇಳಿಸಬಾರದು. ಅಂಟು ಇನ್ನೂ ಹಸಿ ಇರುತ್ತದೆ, ಗಾಜು ಕೆಳಗಿಳಿದರೆ ರಬ್ಬರ್ ಪಟ್ಟಿ ಫಿಲ್ಮನ್ನು ಎಬ್ಬಿಸಿಬಿಡುತ್ತದೆ. ಒಳಗೆ ಮಂಜಿನ ಹಾಗೆ ಕಾಣುವುದು, ಸಣ್ಣ ನೀರಿನ ಗುಳ್ಳೆ ಕಾಣುವುದು ಕೆಟ್ಟ ಕೆಲಸದ ಗುರುತಲ್ಲ. ಸಿಕ್ಕಿಹಾಕಿಕೊಂಡ ನೀರು ಆರಿಹೋಗಲು ಕೆಲವು ವಾರ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ಉಗುರಲ್ಲಿ ಒತ್ತಿ ನೋಡಬೇಡಿ. ಒಂದು ತಿಂಗಳಾದ ಮೇಲೂ ಹಾಗೇ ಇದ್ದರೆ, ಮುಟ್ಟಿದರೆ ಗಟ್ಟಿ ಕಣ ಸಿಕ್ಕಿದರೆ, ಅದು ನೀರಲ್ಲ, ಧೂಳು. ಆಗ ವಾಪಸ್ ಹೋಗಿ ಕೇಳಿ. ಒರೆಸಲು ಮೆತ್ತನೆ ಬಟ್ಟೆ, ನೀರು ಸಾಕು. ಅಮೋನಿಯಾ ಇರುವ ಗಾಜಿನ ಸ್ಪ್ರೇ ಬೇಡ.

ಕಿಟಕಿ ಇಳಿಸಬೇಡಿ ಅಂತ ನಾನು ಎಷ್ಟು ಹೇಳಿದರೂ ಜನ ಗೇಟು ದಾಟುವಾಗಲೇ ಗಾಜು ಇಳಿಸಿ, "ಥ್ಯಾಂಕ್ಸ್ ಸಾರ್" ಅಂತ ಕೈ ಬೀಸುತ್ತಾರೆ. ಈಗ ನಾಲ್ಕೂ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿಯೇ ಕಳಿಸುವುದು.