ಡ್ರೈ ಕ್ಲೀನಿಂಗ್‌ನಲ್ಲಿ ಡ್ರೈ ಯಾವುದು?

ಪ್ರಶ್ನೆ: ಡ್ರೈ ಅಂದರೆ ಒಣಗಿದ್ದು ತಾನೇ? ಹಾಗಾದರೆ ಡ್ರೈ ಡೇ, ಡ್ರೈ ವೈನ್, ಡ್ರೈ ಕ್ಲೀನಿಂಗ್ ಇವೆಲ್ಲ ಏನು?

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಈ ಸಲ ದಯವಿಟ್ಟು ಬರೆದಿಟ್ಟುಕೊಳ್ಳಿ.

ಒಣ ಅನ್ನುವ ಅರ್ಥ ಇದ್ದೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧವಿದ್ದು ಬೋಟುಗಳು ಬಂದರಿನ ದಕ್ಕೆಯಲ್ಲಿ ನಿಂತಾಗ ನಮ್ಮ ಗಂಜಿಗೆ ಜೊತೆಯಾಗುವ ಡ್ರೈ ಫಿಶ್ ಬಿಸಿಲಲ್ಲಿ ಒಣಗಿದ್ದೇ. ಆದರೆ ಹೋಟೆಲಿನಲ್ಲಿ ಗೋಬಿ ಮಂಚೂರಿ ಡ್ರೈ ಹೇಳಿ ನೋಡಿ. ಸಾಸ್ ಮೆತ್ತಿಕೊಂಡ, ಬೆರಳಿಗೆ ಅಂಟುವ ಗೋಬಿ ಬರುತ್ತದೆ. 'ಇದು ಒಣಗಿಲ್ಲ' ಅಂತ ಯಾರೂ ವಾಪಸ್ ಕಳಿಸಲ್ಲ. ಗ್ರೇವಿ ಇಲ್ಲ ಅಂತಷ್ಟೇ ಅರ್ಥ, ಅಲ್ವಾ?

ಎಲ್ಲ ಕಡೆಯೂ ಹೀಗೇ ಕೇಳಿಕೊಳ್ಳಿ: ಇಲ್ಲಿ ಇಲ್ಲದ್ದು ಯಾವುದು? ಡ್ರೈ ಡೇ ದಿನ ಮದ್ಯ ಮಾರಾಟ ಇಲ್ಲ, ಮಳೆ ಎಷ್ಟು ಬೇಕಾದರೂ ಸುರಿಯಲಿ. ಡ್ರೈ ಕೆಮ್ಮಿನಲ್ಲಿ ಕಫ ಇಲ್ಲ. ಡ್ರೈ ಕೌ ಅಂದರೆ ಹಾಲು ಬತ್ತಿದ ದನ. ಡ್ರೈ ವೈನ್‌ನಲ್ಲಿ ಸಿಹಿ ಇಲ್ಲ. ಡ್ರೈ ಹ್ಯೂಮರ್ ಅಂದರೆ ಮುಖದಲ್ಲಿ ನಗು ಇಲ್ಲದೆ ಮಾಡುವ ತಮಾಷೆ. ಅದು ಹೊಗಳಿಕೆ. ಲೆಕ್ಚರ್ ಡ್ರೈ ಇತ್ತು ಅಂದರೆ ಮಾತ್ರ ಬೈಗುಳ.

ಈಗ ಡ್ರೈ ಕ್ಲೀನಿಂಗ್. ಬಟ್ಟೆಗೆ ಹನಿ ದ್ರವವೂ ತಾಗಲ್ಲ, ಹಬೆ ಹಿಡಿದು ಇಸ್ತ್ರಿ ಹಾಕಿ ದುಡ್ಡು ತಗೊಳ್ತಾರೆ ಅಂತ ಓದಿದವರೂ ವಾದ ಮಾಡುತ್ತಾರೆ. ಶುದ್ಧ ಸುಳ್ಳು. ಸರಿಯಾದ ಡ್ರೈ ಕ್ಲೀನಿಂಗ್‌ನಲ್ಲಿ ನಿಮ್ಮ ರೇಷ್ಮೆ ಸೀರೆ ತೊಯ್ದು ತೊಪ್ಪೆಯಾಗುತ್ತದೆ. ನೀರಲ್ಲಿ ಅಲ್ಲ, ದ್ರಾವಕದಲ್ಲಿ, ಅಂದರೆ ಜಿಡ್ಡು ಕರಗಿಸುವ ದ್ರವದಲ್ಲಿ. ಇಲ್ಲದ್ದು ನೀರು, ಅಷ್ಟೇ.

ಹೆಚ್ಚಾಗಿ ಬಳಕೆಯಾದ ದ್ರಾವಕ ಪರ್ಕ್ಲೋರೋಎಥಿಲೀನ್. ವಾಷಿಂಗ್ ಮೆಷಿನ್‌ನಂಥ ಡ್ರಮ್ಮಿನಲ್ಲಿ ಬಟ್ಟೆ ಅದರಲ್ಲೇ ತಿರುಗುತ್ತದೆ, ಆಮೇಲೆ ಹಿಂಡಿ ಬಿಸಿಗಾಳಿ ಹಾಯಿಸುತ್ತಾರೆ. ಕೊಳೆಯಾದ ದ್ರಾವಕ 121 ಡಿಗ್ರಿಯಲ್ಲಿ ಕುದಿಯುತ್ತದೆ. ಆವಿಯನ್ನು ತಣಿಸಿದರೆ ಶುದ್ಧವಾಗಿ ಮರಳಿ ಸಿಗುತ್ತದೆ, ಜಿಡ್ಡು ತಳದಲ್ಲಿ ಉಳಿಯುತ್ತದೆ. ಈ ದ್ರಾವಕ ಬರುವ ಮೊದಲು ಟರ್ಪೆಂಟೈನ್, ಪೆಟ್ರೋಲ್ ಥರದವು ಬಳಕೆಯಲ್ಲಿದ್ದವು. ಬೆಂಕಿ ಹತ್ತುವ ಭಯ ಇದ್ದೇ ಇತ್ತು. ಪೆಟ್ರೋಲ್ ವಾಶ್ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ರೇಷ್ಮೆ, ಉಣ್ಣೆಯ ನೂಲು ನೀರು ಕುಡಿದು ಉಬ್ಬುತ್ತದೆ. ಆಮೇಲೆ ಸುಕ್ಕಾಗುತ್ತದೆ, ಬಣ್ಣ ಬಿಡುತ್ತದೆ. ದ್ರಾವಕವನ್ನು ನೂಲು ಅಷ್ಟು ಹೀರಲ್ಲ, ಎಣ್ಣೆ ಜಿಡ್ಡು ಮಾತ್ರ ಕರಗುತ್ತದೆ. ಇಲ್ಲೇ ಒಂದು ತೊಡಕು. ಪಾಯಸದ ಸಕ್ಕರೆ, ಬೆವರಿನ ಉಪ್ಪು ಕರಗುವುದು ನೀರಿನಲ್ಲಿ. ಹಾಗಾಗಿ ತುಪ್ಪದ ಕಲೆ ಹೋಗಿ ಪಾಯಸದ ಕಲೆ ಉಳಿಯಬಹುದು. ಅಂಗಡಿಯವರನ್ನು ಬೈಯುವ ಮೊದಲು, ಸೆರಗಿನ ಯಾವ ಜಾಗಕ್ಕೆ ಏನು ಚೆಲ್ಲಿತ್ತು ಅಂತ ಕೊಡುವಾಗಲೇ ತೋರಿಸಿ. ಆ ಕಲೆಗೆ ಅವರು ಬೇರೆ ಉಪಚಾರ ಮಾಡುತ್ತಾರೆ.

ಯಾರೂ ಕೇಳಿಲ್ಲ, ಆದರೂ ಮದುವೆ ಮಾತು ಬಂತು ಅಂತ ಹೇಳುತ್ತೇನೆ. ಮದುವೆ ಹಾಲ್‌ನಲ್ಲಿ ವಧು-ವರರ ಎಂಟ್ರಿಗೆ ನೆಲದ ಮೇಲೆ ಬಿಳಿ ಮೋಡ ಹರಿಸುತ್ತಾರಲ್ಲ, ಅದು ಹೆಚ್ಚಾಗಿ ಡ್ರೈ ಐಸ್ ಕೆಲಸ. ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ ಸೆಲ್ಸಿಯಸ್. ಕರಗಿ ನೀರಾಗದೆ ನೇರ ಅನಿಲವಾಗುತ್ತದೆ, ಅದಕ್ಕೇ ಡ್ರೈ. ಆದರೆ ಕಾಣುವ ಮೋಡ ಆ ಅನಿಲವಲ್ಲ, ಅದಕ್ಕೆ ಬಣ್ಣವೇ ಇಲ್ಲ. ತಣ್ಣಗಾಗಿ ಕಟ್ಟಿದ ನೀರಿನ ಸಣ್ಣ ಹನಿಗಳವು. ಅನಿಲ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಎಸಿ ಹಾಲ್‌ನ ಬಾಗಿಲು ಮುಚ್ಚಿದ್ದರೆ ಪುಟ್ಟ ಮಕ್ಕಳನ್ನು ಆ ಮೋಡದಲ್ಲಿ ಕೂರಿಸಿ ಫೋಟೋ ತೆಗೆಯಬೇಡಿ, ಉಸಿರುಗಟ್ಟಬಹುದು. ಉಳಿದ ತುಂಡನ್ನು ಬರಿಗೈಯಲ್ಲಿ ಮುಟ್ಟಲೂಬೇಡಿ, ಚರ್ಮ ಸುಟ್ಟ ಹಾಗಾಗುತ್ತದೆ.